ಗದರಿಸಿದರೆ ಪ್ರಾರ್ಥನೆ ಬರೋದಿಲ್ಲ

ಭಾನುವಾರದ ಆರಾಧನೆ ಮುಗಿಸಿ ಚರ್ಚಿನ ಮೆಟ್ಟಿಲಿಳಿಯುವ ಹಿರಿಯರ ಬಾಯಲ್ಲಿ ಯಾವ ಊರಿಗೆ ಹೋದರೂ ಒಂದೇ ರಾಗ: "ಈಗಿನ ಹುಡುಗ್ರಿಗೆ ಪ್ರಾರ್ಥನೆ ಅಂದ್ರ ಬ್ಯಾಸರ್ರೀ. ಕೈಯಾಗಿನ ಮೊಬೈಲು ಕೆಳಗ ಇಡಂಗಿಲ್ಲ." ಹೇಳುವವರ ಸಂಕಟ ಸುಳ್ಳಲ್ಲ. ಆದರೆ ಅವರನ್ನೂ ಒಂದು ಪ್ರಶ್ನೆ ಕೇಳಬೇಕಾಗಿದೆ. ಆ ಹುಡುಗರಿಗೆ ಪ್ರಾರ್ಥನೆ ಕಲಿಸಿದವರು ಯಾರು? ಯಾವಾಗ ಕಲಿಸಿದರು? ಎಲ್ಲಿ ಕೂತು ಕಲಿಸಿದರು?

ಉತ್ತರ ಹುಡುಕುವ ಮುಂಚೆ ಬಾಗಳಿ ಕಡೆ ಒಮ್ಮೆ ನೋಡಬೇಕು. ಹರಪನಹಳ್ಳಿ ತಾಲೂಕಿನ ಈ ಊರು ಅಂದರೆ ಕಲ್ಲೇಶ್ವರ ಗುಡಿ. ಅದಕ್ಕೆ ಸಾವಿರ ವರ್ಷದ ಮೇಲಾಯಿತು. ತಾಲೂಕು 1997ರಲ್ಲಿ ಬಳ್ಳಾರಿ ಜಿಲ್ಲೆ ಬಿಟ್ಟು ದಾವಣಗೆರೆಗೆ ಹೋಯಿತು, 2018ರಲ್ಲಿ ಬಳ್ಳಾರಿಗೆ ವಾಪಸು ಬಂತು, 2021ರಲ್ಲಿ ವಿಜಯನಗರ ಜಿಲ್ಲೆ ಸೇರಿತು. ಗುಡಿ ಮಾತ್ರ ನಿಂತಲ್ಲೇ ನಿಂತಿದೆ!

ಚಾಲುಕ್ಯರ ಕಾಲದ ಶಾಸನಗಳಲ್ಲಿ ಒಂದು ವಿಷಯ ಮತ್ತೆ ಮತ್ತೆ ಬರುತ್ತದೆ. ಆಗಿನವರು ಗುಡಿ ಕಟ್ಟಿಸಿ ಕೈ ತೊಳೆದುಕೊಳ್ಳುತ್ತಿರಲಿಲ್ಲ. ನಂದಾದೀವಿಗೆಗೆ ಎಣ್ಣೆ ಎಲ್ಲಿಂದ ಬರಬೇಕು, ದಿನದ ಪೂಜೆಯ ಖರ್ಚು ಯಾವ ಹೊಲದಿಂದ ನಡೆಯಬೇಕು ಎಂದು ದತ್ತಿ ಬಿಟ್ಟು ಕಲ್ಲಿನ ಮೇಲೆ ಕೊರೆಸುತ್ತಿದ್ದರು. ಕಟ್ಟಡ ಒಂದು ಸಲದ ಖರ್ಚು. ದೀಪ ದಿನದ ಖರ್ಚು. ಈ ಲೆಕ್ಕ ಅವರಿಗೆ ಗೊತ್ತಿತ್ತು.

ಇದೇ ಲೆಕ್ಕ ಇವತ್ತಿನ ಕ್ರೈಸ್ತ ಮನೆಗಳಿಗೆ, ಸಭೆಗಳಿಗೆ ಮರೆತುಹೋದಂತಿದೆ. ಚರ್ಚಿಗೆ ಹೊಸ ಬಣ್ಣ ಬರುತ್ತದೆ, ಹೊಸ ಸೌಂಡ್ ಸಿಸ್ಟಂ ಬರುತ್ತದೆ, ರಜೆಯಲ್ಲಿ ಮಕ್ಕಳಿಗೆ ಬೈಬಲ್ ಶಾಲೆ ನಡೆಯುತ್ತದೆ, ಯುವಜನರ ಶಿಬಿರವೂ ಆಗುತ್ತದೆ. ಎಲ್ಲಾ ಸರಿ. ಆದರೆ ಶಿಬಿರ ಮುಗಿದ ಮಾರನೇ ದಿನ, ಸೋಮವಾರ ಬೆಳಿಗ್ಗೆ ಆರು ಗಂಟೆಗೆ, ಹದಿನೈದು ವರ್ಷದ ಹುಡುಗ ಹಾಸಿಗೆಯಿಂದ ಎದ್ದಾಗ ಏನು ಮಾಡಬೇಕು? ಇದನ್ನು ಹೇಳಿಕೊಡುವವರಿಲ್ಲ. ದಿನದ ದೀಪಕ್ಕೆ ಎಣ್ಣೆ ಹಾಕುವವರಿಲ್ಲ.

ಜಾತ್ರೆ ಬೇರೆ, ದಿನದ ಪೂಜೆ ಬೇರೆ

ಕೊಟ್ಟೂರು ತೇರಿಗೆ ನಡೆದು ಹೋಗುವ ಜನರನ್ನು ಈ ಭಾಗದ ಬಸ್ ಪ್ರಯಾಣಿಕರು ನೋಡಿಯೇ ಇದ್ದಾರೆ. ಕಾಲಲ್ಲಿ ಬೊಬ್ಬೆ ಬಂದರೂ ನಿಲ್ಲುವುದಿಲ್ಲ. ಆದರೆ ವರ್ಷಕ್ಕೊಮ್ಮೆ ನಡೆದವರೆಲ್ಲ ದಿನಾ ಕೈ ಮುಗಿಯುತ್ತಾರೆ ಅಂತ ಹೇಳಲಾದೀತೆ? ಕ್ರಿಸ್‌ಮಸ್, ಶುಭ ಶುಕ್ರವಾರ, ಶಿಬಿರ ಇವು ಕ್ರೈಸ್ತರ ಜಾತ್ರೆಗಳು. ಅಲ್ಲಿ ಹಾಡುಂಟು, ಜೊತೆಗಾರರುಂಟು, ಕಣ್ಣೀರೂ ಉಂಟು. ಆ ಉತ್ಸಾಹ ಸುಳ್ಳಲ್ಲ, ಆದರೆ ಅದು ಅಭ್ಯಾಸವಲ್ಲ.

ಅಭ್ಯಾಸ ಅಂದರೇನು ಎಂಬುದು ಅಂಗಡಿಕಾರನಿಗೆ ಚೆನ್ನಾಗಿ ಗೊತ್ತು. ಬಾಗಿಲು ತೆಗೆದು, ಕಸ ಹೊಡೆದು, ಗಲ್ಲಾಪೆಟ್ಟಿಗೆಗೆ ಊದುಬತ್ತಿ ಬೆಳಗಿದ ಮೇಲೆಯೇ ಮೊದಲ ಬೋಣಿ. ಮನಸ್ಸಿದ್ದರೂ ಅಷ್ಟೆ, ಇಲ್ಲದಿದ್ದರೂ ಅಷ್ಟೆ. ಪಕ್ಕದ ಮುಸಲ್ಮಾನ ಅಂಗಡಿಕಾರ ಬಾಂಗ್ ಕೇಳಿದೊಡನೆ ಗಲ್ಲಾವನ್ನು ಹುಡುಗನಿಗೆ ಒಪ್ಪಿಸಿ ನಮಾಜಿಗೆ ಹೋಗುತ್ತಾನೆ. ಲಿಂಗಾಯತರ ಮನೆಯ ಅಜ್ಜ ಇಷ್ಟಲಿಂಗ ಪೂಜೆ ಆಗದೆ ನೀರು ಮುಟ್ಟುವುದಿಲ್ಲ. ಇವರ್ಯಾರೂ ಮೂಡ್ ಬರಲಿ ಅಂತ ಕಾಯುವುದಿಲ್ಲ. ಹೊತ್ತಾಯಿತು, ಮಾಡಿದರು.

ಕ್ರೈಸ್ತರಲ್ಲೂ ಇದು ಹೊಸದಲ್ಲ. ದಾನಿಯೇಲನು ದಿನಕ್ಕೆ ಮೂರು ಸಲ ಕಿಟಕಿ ತೆರೆದು ಪ್ರಾರ್ಥಿಸುತ್ತಿದ್ದ ಕಥೆ ಬೈಬಲಿನಲ್ಲೇ ಇದೆ. ಕರ್ತನ ಪ್ರಾರ್ಥನೆಯನ್ನು ದಿನಕ್ಕೆ ಮೂರು ಸಲ ಹೇಳಬೇಕೆಂಬ ಕಟ್ಟಳೆ ಸಭೆಯ ಆರಂಭದ ದಿನಗಳ 'ದಿದಾಖೆ' ಎಂಬ ಪುಸ್ತಕದಲ್ಲಿದೆ. ಕಥೋಲಿಕರಲ್ಲಿ ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಗಂಟೆ ಹೊಡೆದಾಗ ಹೇಳುವ ತ್ರಿಕಾಲ ಪ್ರಾರ್ಥನೆ ಉಂಟು. ಹೊತ್ತು ಗೊತ್ತು ಇಟ್ಟುಕೊಂಡೇ ಹಿಂದಿನವರು ನಡೆದರು.

ಇದು ಯಾರ ಕೆಲಸ?

"ಸಂಡೇ ಸ್ಕೂಲಿಗೆ ಕಳಿಸ್ತೀವಲ್ಲ, ಅಲ್ಲೇ ಕಲಿಸ್ತಾರ" ಅಂತ ತಂದೆ-ತಾಯಿ ಅಂದುಕೊಳ್ಳುತ್ತಾರೆ. ವಾರಕ್ಕೆ 168 ತಾಸು. ಅದರಲ್ಲಿ ಸಂಡೇ ಸ್ಕೂಲಿನದು ಒಂದು. ಉಳಿದ 167 ತಾಸು ಮನೆ, ಶಾಲೆ, ಬಸ್ಸು, ಮೊಬೈಲು. ಒಂದು ತಾಸಿನ ಮೇಷ್ಟ್ರ ಮೇಲೆ ಪೂರಾ ಭಾರ ಹಾಕಿದರೆ ನ್ಯಾಯವೇ?

ಮಾರ್ಟಿನ್ ಲೂಥರ್ 1529ರಲ್ಲಿ ಬರೆದ ಚಿಕ್ಕ ಧರ್ಮಬೋಧೆಯ ಪುಸ್ತಕದಲ್ಲಿ ಬೆಳಗಿನ ಪ್ರಾರ್ಥನೆ, ರಾತ್ರಿಯ ಪ್ರಾರ್ಥನೆಗಳನ್ನು ಮನೆಯ ಯಜಮಾನನೇ ಮನೆಮಂದಿಗೆ ಕಲಿಸಲಿ ಎಂದು ಕೊಟ್ಟ. ಕಥೋಲಿಕರ 1983ರ ಧರ್ಮಸಭಾ ಕಾನೂನಿನ 774ನೇ ವಿಧಿಯೂ ಅದನ್ನೇ ಹೇಳುತ್ತದೆ: ಮಾತಿನಿಂದಲೂ ನಡತೆಯಿಂದಲೂ ಮಕ್ಕಳನ್ನು ವಿಶ್ವಾಸದಲ್ಲಿ ಬೆಳೆಸುವ ಹೊಣೆ ಎಲ್ಲರಿಗಿಂತ ಮೊದಲು ತಂದೆ-ತಾಯಿಯದು. ನೂರಾರು ವರ್ಷ ಜಗಳವಾಡಿದ ಎರಡು ಪಂಗಡಗಳು ಈ ಒಂದು ಮಾತಿನಲ್ಲಿ ಒಂದಾಗಿವೆ ಅಂದ ಮೇಲೆ ಅದರಲ್ಲಿ ಹುರುಳಿರಲೇಬೇಕು.

ನಡತೆ ಎಂಬ ಮಾತಿನ ಮೇಲೆ ಗಮನವಿರಲಿ. ಲೂಕನ ಸುವಾರ್ತೆಯ 11ನೇ ಅಧ್ಯಾಯದಲ್ಲಿ ಶಿಷ್ಯರು ಬಂದು ತಮಗೆ ಪ್ರಾರ್ಥನೆ ಕಲಿಸಬೇಕೆಂದು ಯೇಸುವನ್ನು ಕೇಳುತ್ತಾರೆ. ಯಾವಾಗ ಕೇಳಿದರು? ಅವನು ಪ್ರಾರ್ಥನೆ ಮಾಡಿ ಮುಗಿಸಿದ ಮೇಲೆ. ಮೊದಲು ಕಣ್ಣಾರೆ ಕಂಡರು, ಆಮೇಲೆ ಆಸೆಪಟ್ಟರು. ಅಪ್ಪ ಟಿವಿ ಮುಂದೆ ಕೂತು "ಲೇ ತಮ್ಮಾ, ಹೋಗಿ ಪ್ರಾರ್ಥನೆ ಮಾಡೋ" ಅಂದರೆ ಮಗ ಕಲಿಯುವುದು ಪ್ರಾರ್ಥನೆಯನ್ನಲ್ಲ, ಟಿವಿ ನೋಡುವುದನ್ನು.

ಕ್ಷೌರಿಕ ಕೇಳಿದ ಪ್ರಶ್ನೆ

ಲೂಥರನ ಗಡ್ಡ ಕೆರೆಯುತ್ತಿದ್ದ ಪೀಟರ್ ಎಂಬ ಕ್ಷೌರಿಕನೊಬ್ಬನಿದ್ದ. ಪ್ರಾರ್ಥನೆ ಹೇಗೆ ಮಾಡಬೇಕು ಅಂತ ಅವನು ಕೇಳಿದ. ಲೂಥರ್ ಅವನಿಗಾಗಿ 1535ರಲ್ಲಿ ಒಂದು ಪುಟ್ಟ ಪುಸ್ತಕವನ್ನೇ ಬರೆದುಕೊಟ್ಟ. ದೊಡ್ಡ ಪಂಡಿತ, ಅಂಗಡಿ ಇಟ್ಟ ಮನುಷ್ಯನಿಗೆ ಉತ್ತರ ಕೊಡುವುದನ್ನು ಕಡಿಮೆ ಕೆಲಸ ಅಂದುಕೊಳ್ಳಲಿಲ್ಲ.

ಅದರ ಸಾರ ಇಷ್ಟು. ಬೆಳಗಿನ ಮೊದಲ ಕೆಲಸವೂ ರಾತ್ರಿಯ ಕೊನೆಯ ಕೆಲಸವೂ ಪ್ರಾರ್ಥನೆಯಾಗಿರಲಿ. 'ಇದೊಂದು ಕೆಲಸ ಮುಗಿಸಿ ಆಮೇಲೆ ಮಾಡೋಣ' ಎಂಬ ಯೋಚನೆ ಬಂದರೆ ಹುಷಾರು, ಆ 'ಆಮೇಲೆ' ಬರುವುದೇ ಇಲ್ಲ. ಮನಸ್ಸು ಎಲ್ಲೋ ಇಟ್ಟುಕೊಂಡು ಬಾಯಲ್ಲಿ ವಟಗುಟ್ಟಬೇಡ. ಹರಟೆ ಹೊಡೆಯುತ್ತಾ ಕತ್ತಿ ಆಡಿಸುವ ಕ್ಷೌರಿಕ ಗಿರಾಕಿಯ ಮೂಗನ್ನೇ ಕೊಯ್ದಾನು!

ಇನ್ನೊಂದು ಉಪಾಯವನ್ನೂ ಅವನು ಹೇಳಿದ. ಬೈಬಲಿನ ಒಂದು ಆಜ್ಞೆ ತೆಗೆದುಕೊಂಡು ನಾಲ್ಕು ಎಳೆಯ ಮಾಲೆ ಕಟ್ಟು. ಇದರಲ್ಲಿ ಕಲಿಯುವುದೇನು? ಧನ್ಯವಾದ ಹೇಳುವುದು ಯಾವುದಕ್ಕೆ? ತಪ್ಪಿದ್ದು ಎಲ್ಲಿ? ಕೇಳಿಕೊಳ್ಳುವುದೇನು? ಹತ್ತನೇ ಕ್ಲಾಸಿನ ಹುಡುಗಿಗೆ ಈ ನಾಲ್ಕು ಪ್ರಶ್ನೆ ಸಾಕು. 'ಮೌನವಾಗಿ ಕೂತ್ಕೋ' ಅಂದರೆ ಅವಳಿಗೆ ಏನು ಮಾಡಬೇಕೋ ತಿಳಿಯುವುದಿಲ್ಲ. ನಾಲ್ಕು ಪ್ರಶ್ನೆ ಕೊಟ್ಟರೆ ಐದು ನಿಮಿಷ ಹೋದದ್ದೇ ಗೊತ್ತಾಗುವುದಿಲ್ಲ.

ಐದು ನಿಮಿಷ ಸಾಲದು ಅನ್ನುವ ಹಿರಿಯರೂ ಇದ್ದಾರೆ. ಒಂದೇ ಏಟಿಗೆ ಅರ್ಧ ತಾಸು ಮಂಡಿಯೂರಿಸಿದರೆ ಮೂರನೇ ದಿನ ಹುಡುಗ ನಾಪತ್ತೆ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಸಂಶೋಧಕರು 96 ಮಂದಿಯನ್ನು ಪರೀಕ್ಷಿಸಿ 2009ರಲ್ಲಿ ಒಂದು ವರದಿ ಹೊರಡಿಸಿದರು. ಊಟ, ನೀರು, ವ್ಯಾಯಾಮದಂಥ ಸಣ್ಣ ಕೆಲಸವನ್ನು ದಿನಾ ಒಂದೇ ಸಂದರ್ಭಕ್ಕೆ ಗಂಟು ಹಾಕಿ ಮಾಡಿದಾಗ ಅದು ತಾನಾಗಿ ನಡೆಯುವ ಅಭ್ಯಾಸವಾಗಲು ಹೆಚ್ಚುಕಡಿಮೆ 66 ದಿನ ಬೇಕಾಯಿತು. ಕೆಲವರಿಗೆ 18 ದಿನ ಸಾಕಾದರೆ ಕೆಲವರಿಗೆ 254 ದಿನದ ಅಂದಾಜು. ನಡುವೆ ಒಂದು ದಿನ ತಪ್ಪಿದ್ದರಿಂದ ಏನೂ ಕೆಡಲಿಲ್ಲ. ಪ್ರಾರ್ಥನೆ ಬರೀ ವ್ಯಾಯಾಮವಲ್ಲ ನಿಜ. ಆದರೂ ಪಾಠ ಸ್ಪಷ್ಟ. ಹತ್ತು ದಿನದ ಶಿಬಿರದಿಂದ ಅಭ್ಯಾಸ ಬರುತ್ತದೆ ಅನ್ನುವುದು ಆಸೆ ಮಾತ್ರ. ಒಂದು ದಿನ ತಪ್ಪಿಸಿದ ಮಗುವನ್ನು ಪಾಪಿಯಂತೆ ನೋಡುವುದು ದಡ್ಡತನ.

ಹಾಗಾದರೆ ಯಾವ ಸಂದರ್ಭಕ್ಕೆ ಗಂಟು ಹಾಕಬೇಕು? ಹಲ್ಲುಜ್ಜಿದ ಕೂಡಲೆ. ಚಹಾ ಕುಡಿಯುವ ಮುಂಚೆ. ರಾತ್ರಿ ಮೊಬೈಲು ಚಾರ್ಜಿಗೆ ಹಾಕಿದ ಮೇಲೆ. ಕಾಲೇಜಿಗೆ ಹೋಗುವ ಬಸ್ಸಿನಲ್ಲಿ ಸೀಟು ಸಿಕ್ಕರೆ ಕಣ್ಣು ಮುಚ್ಚಿಕೊಂಡು. ಸಿಗದಿದ್ದರೆ ಕಂಬಿ ಹಿಡಿದು ನಿಂತೇ. ಪಕ್ಕದವರು ನಿದ್ದೆ ಅಂದುಕೊಂಡರೂ ನಷ್ಟವೇನು?

ಮನಸ್ಸಿನ ಭಾಷೆ

ಪ್ರಾರ್ಥನೆಗೆ ಭಾಷೆಯೂ ಬೇಕು. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದು ಕನ್ನಡ ಕಲಿತ. ಅವನೂ ಅವನ ಜೊತೆಗಾರರೂ ದುಡಿದದ್ದರಿಂದ 1831ರ ಹೊತ್ತಿಗೆ ಇಡೀ ಬೈಬಲು ಕನ್ನಡದಲ್ಲಿ ಅಚ್ಚಾಯಿತು. ಪರದೇಶದವನು ಇಷ್ಟು ಕಷ್ಟಪಟ್ಟದ್ದು ಯಾಕೆ? ಅಡಿಗೆಮನೆಯ ಭಾಷೆಯಲ್ಲಿ ಹೇಳದ ಮಾತು ಎದೆಗೆ ಇಳಿಯುವುದಿಲ್ಲ ಎಂದು ತಾನೆ?

ಈಗ ಆಗುತ್ತಿರುವುದು ತಿರುಗುಮುರುಗು. ಇಂಗ್ಲಿಷ್ ಮೀಡಿಯಂ ಹುಡುಗನಿಗೆ ಕನ್ನಡ ಬೈಬಲಿನ ಹಳೇ ಮಾತು ಗಟ್ಟಿ, ಮೊಬೈಲಿನಲ್ಲಿ ಕೇಳುವ ಇಂಗ್ಲಿಷ್ ಪ್ರಾರ್ಥನೆ ಬಾಯಿಪಾಠ. ಎರಡರಲ್ಲೂ ಅವನ ಸ್ವಂತ ಮಾತಿಲ್ಲ. "ದೇವ್ರೇ, ಇವತ್ತು ಗಣಿತ ಪರೀಕ್ಷೆ, ಕೈಕಾಲು ನಡುಗ್ತದೆ" ಅಂತ ಅವ್ವನ ಹತ್ತಿರ ಹೇಳುವಂತೆ ಹೇಳಿಕೊಂಡರೆ ತಪ್ಪಿಲ್ಲ ಎಂದು ಅವನಿಗೆ ಹೇಳಬೇಕು. ಬಾಯಿಪಾಠದ ಪ್ರಾರ್ಥನೆಯೂ ಇರಲಿ. ತನ್ನ ಮಾತು ಹೊರಡದ ದಿನ ಅದೇ ಕೈಹಿಡಿಯುವುದು.

ಒತ್ತಾಯ ಬೇಡ, ವ್ಯಾಪಾರ ಬೇಡ

2011ರ ಜನಗಣತಿ ಪ್ರಕಾರ ಕರ್ನಾಟಕದಲ್ಲಿ ಕ್ರೈಸ್ತರು ನೂರಕ್ಕೆ 1.87. ಕ್ಲಾಸಿನಲ್ಲಿ, ಹಾಸ್ಟೆಲ್ ಕೋಣೆಯಲ್ಲಿ ಎಷ್ಟೋ ಸಲ ಕ್ರೈಸ್ತ ಮಗು ಒಂದೇ. ಎಲ್ಲರ ಮುಂದೆ ಮಂಡಿಯೂರಲು ಅದಕ್ಕೆ ನಾಚಿಕೆ, ಕೆಲವು ಕಡೆ ಹೆದರಿಕೆಯೂ ಉಂಟು. ಕೋಣೆಯ ಬಾಗಿಲು ಹಾಕಿಕೊಂಡು ಗುಟ್ಟಾಗಿ ಪ್ರಾರ್ಥಿಸುವಂತೆ ಯೇಸು ಹೇಳಿದ್ದು ಮತ್ತಾಯನ 6ನೇ ಅಧ್ಯಾಯದಲ್ಲಿದೆ. ತೋರಿಕೆ ಬೇಡ ಅಂದ ಮೇಲೆ ನಾಚಿಕೆಯ ಪ್ರಶ್ನೆ ಎಲ್ಲಿ ಬಂತು? ಚಾದರ ಹೊದ್ದು ಮಲಗಿದಲ್ಲೇ ಮಾಡಿದ್ದೂ ಪ್ರಾರ್ಥನೆಯೇ.

ಒತ್ತಾಯದ ವಿಷಯದಲ್ಲಿ ಸಂವಿಧಾನದ ಮಾತೂ ಉಂಟು. ಸರ್ಕಾರದ ಮಾನ್ಯತೆ ಅಥವಾ ನೆರವು ಪಡೆದ ಶಾಲೆಯಲ್ಲಿ ಒಪ್ಪಿಗೆಯಿಲ್ಲದೆ ಯಾರನ್ನೂ ಆರಾಧನೆಗೆ ಕೂರಿಸುವಂತಿಲ್ಲ, ಚಿಕ್ಕವರಾದರೆ ಪೋಷಕರ ಒಪ್ಪಿಗೆ ಬೇಕು ಎನ್ನುತ್ತದೆ 28ನೇ ಅನುಚ್ಛೇದ. ಮನೆಗೆ ಆ ಕಾನೂನು ಬರುವುದಿಲ್ಲ. ಆದರೆ ಬೆತ್ತ ಹಿಡಿದು ಕಲಿಸಿದ್ದು ಬೆತ್ತ ಇರುವವರೆಗೆ ಮಾತ್ರ ಎಂಬುದು ಎಲ್ಲಾ ಮನೆಗೂ ಗೊತ್ತು.

ಇನ್ನೊಂದು ರೋಗವೆಂದರೆ ವ್ಯಾಪಾರ. "ಪ್ರಾರ್ಥನೆ ಮಾಡು, ಫಸ್ಟ್ ಕ್ಲಾಸ್ ಬರ್ತದೆ" ಅನ್ನುವ ಮನೆಗಳಿವೆ. ಫಸ್ಟ್ ಕ್ಲಾಸ್ ಬರದಿದ್ದಾಗ ಹುಡುಗ ಪುಸ್ತಕವನ್ನೂ ಬಿಡುತ್ತಾನೆ, ಪ್ರಾರ್ಥನೆಯನ್ನೂ ಬಿಡುತ್ತಾನೆ. ಹಾಗೆಯೇ ಮಗು ಊಟ ನಿದ್ದೆ ಬಿಟ್ಟು ಮಂಕಾಗಿ ಕೂತರೆ 'ಪ್ರಾರ್ಥನೆ ಸಾಲದು' ಅಂತ ಗದರಬಾರದು. ಪ್ರಾರ್ಥನೆಯ ಜೊತೆಗೆ ವೈದ್ಯರೂ ಬೇಕು. ಕೇಂದ್ರ ಸರ್ಕಾರ 2022ರಲ್ಲಿ ಶುರುಮಾಡಿದ ಟೆಲಿ ಮಾನಸ್ ಸಹಾಯವಾಣಿಯ ನಂಬರು 14416. ಅದಕ್ಕೆ ದುಡ್ಡಿಲ್ಲ.

ಮೊಬೈಲಿನ ಕಾಲದಲ್ಲಿ ಇದೆಲ್ಲ ಆಗದ ಮಾತು ಅನ್ನುವವರಿಗೆ ಕಾರ್ಲೊ ಅಕುತಿಸ್ ಎಂಬ ಹುಡುಗನ ಕಥೆ ಹೇಳಬೇಕು. ಇಟಲಿಯ ಮಿಲಾನಿನಲ್ಲಿ ಬೆಳೆದವನು. ಕಂಪ್ಯೂಟರ್ ಅಂದರೆ ಪ್ರಾಣ, ವಿಡಿಯೋ ಗೇಮ್ ಹುಚ್ಚೂ ಇತ್ತು. ಆಟಕ್ಕೆ ತಾನೇ ಮಿತಿ ಹಾಕಿಕೊಂಡು, ದಿನದ ಪೂಜೆ ಮತ್ತು ಜಪಸರ ಬಿಡಲಿಲ್ಲ. 2006ರಲ್ಲಿ 15ನೇ ವಯಸ್ಸಿಗೆ ರಕ್ತದ ಕ್ಯಾನ್ಸರಿನಿಂದ ತೀರಿಕೊಂಡ. 2025ರ ಸೆಪ್ಟೆಂಬರ್ 7ರಂದು ಪೋಪ್ ಲಿಯೋ ಅವನನ್ನು ಸಂತನೆಂದು ಘೋಷಿಸಿದರು. ಈ ಕಥೆಯನ್ನೂ ಬೆತ್ತ ಮಾಡಿಕೊಂಡು 'ನೋಡು ಅವನ್ನ' ಅಂತ ಹೊಡೆಯಬಾರದು. ಗೇಮ್ ಆಡುವ ಹುಡುಗನೂ ಪ್ರಾರ್ಥಿಸಬಲ್ಲ ಅಂತ ಧೈರ್ಯ ಕೊಡಲು ಹೇಳಬೇಕು.

ಕಾಲ ಬಹಳ ಇಲ್ಲ. ಹತ್ತನೇ ಕ್ಲಾಸು ಮುಗಿದರೆ ಮಗ ದಾವಣಗೆರೆ ಹಾಸ್ಟೆಲ್ ಸೇರುತ್ತಾನೆ, ಮಗಳು ಬಳ್ಳಾರಿ ನರ್ಸಿಂಗ್‌ಗೆ ಹೋಗುತ್ತಾಳೆ, ಓದು ಹತ್ತದವನು ಬೆಂಗಳೂರು ಬಸ್ ಹತ್ತುತ್ತಾನೆ. ಅಲ್ಲಿ ಒಂಟಿಯಾದ ರಾತ್ರಿ ಬರುತ್ತದೆ, ಫೇಲಾದ ದಿನ ಬರುತ್ತದೆ, ಊರಿಂದ ಕೆಟ್ಟ ಸುದ್ದಿಯೂ ಬರುತ್ತದೆ. ಆಗ ಅಪ್ಪನ ಗದರಿಕೆ ಅಷ್ಟು ದೂರ ಕೇಳಿಸುವುದಿಲ್ಲ. ಕೈಲಿರುವುದು ಮನೆಯಲ್ಲಿ ಕಲಿತ ಐದು ನಿಮಿಷ ಮಾತ್ರ.

ಆದ್ದರಿಂದ ಹಿರಿಯರು ಇವತ್ತು ರಾತ್ರಿಯೇ ಒಂದು ಕೆಲಸ ಮಾಡಬಹುದು. ಊಟಕ್ಕೆ ಮುಂಚೆ ಮನೆಯ ಎಲ್ಲಾ ಮೊಬೈಲು ಒಂದು ಕಡೆ ಇಟ್ಟು, ಮೊದಲು ಅಪ್ಪನದೇ ಇಟ್ಟು, ಐದು ನಿಮಿಷ ಚಾಪೆ ಮೇಲೆ ಜೊತೆಗೆ ಕೂರಲಿ. ಯಾರು ಮೊದಲು ಪ್ರಾರ್ಥಿಸಬೇಕು ಅಂತ ಮಗನನ್ನೇ ಕೇಳಲಿ. ಅವನು 'ನೀನೇ ಮಾಡಪ್ಪಾ' ಅಂದರೆ ಅಪ್ಪ ಮಾಡಲು ತಯಾರಿರಬೇಕು. ನಾಳೆ ರಾತ್ರಿ, ನಾಡಿದ್ದು ರಾತ್ರಿ ಮತ್ತೆ ಕೂರಬೇಕು. ಅಷ್ಟು ಮಾಡಿದ ಮೇಲೂ ಹುಡುಗರು ಕಲಿಯದಿದ್ದರೆ, ಆಗ ಚರ್ಚಿನ ಮೆಟ್ಟಿಲ ಮೇಲೆ ನಿಂತು ದೂರಲಿ.