ಲೂಟಿ ಎಲ್ಲರದು, ಕಳ್ಳನ ಪಟ್ಟ ಒಬ್ಬನಿಗೆ

ಅಮೆರಿಕದಲ್ಲಿ 1974ರಲ್ಲಿ ಗೈಗ್ಯಾಕ್ಸ್, ಆರ್ನೆಸನ್ ಎಂಬಿಬ್ಬರು ಒಂದು ಆಟ ಕಟ್ಟಿದರು. ಹೆಸರು ಡಂಜನ್ಸ್ ಅಂಡ್ ಡ್ರ್ಯಾಗನ್ಸ್. ನಾಲ್ಕೈದು ಜನ ಮೇಜಿನ ಸುತ್ತ ಕೂತು ಒಂದೊಂದು ವೇಷ ಹಾಕುತ್ತಾರೆ, ಒಬ್ಬ ಕತೆ ನಡೆಸುತ್ತಾನೆ, ದಾಳ ತೀರ್ಪು ಕೊಡುತ್ತದೆ. ಮೊದಲಿಗೆ ಮೂರೇ ವೇಷ: ಕಾದಾಳು, ಮಂತ್ರವಾದಿ, ಪೂಜಾರಿ. 1975ರ ಗ್ರೇಹಾಕ್ ಎಂಬ ಪುರವಣಿಯಲ್ಲಿ ನಾಲ್ಕನೆಯವನು ಬಂದ. ಅವನೇ ಕಳ್ಳ. ಇವತ್ತು ನಮ್ಮ ಹುಡುಗರು ಕಂಪ್ಯೂಟರಿನಲ್ಲಿ ಆಡುವ ಎಷ್ಟೋ ಆಟಗಳಲ್ಲಿ ನೆರಳಲ್ಲಿ ನುಸುಳುವವನ ಮೂಲಪುರುಷ ಇವನು.

ಕಳ್ಳ ಅಂದರೆ ಕದಿಯುವವನು ತಾನೆ? ಹಾಗಾದರೆ ಉಳಿದವರು ಏನು ಮಾಡ್ತಿದ್ದರು ಹೇಳಿ. ಎಲ್ಲರೂ ಒಟ್ಟಾಗಿ ಯಾರದೋ ನೆಲಮಾಳಿಗೆಗೆ ನುಗ್ಗುತ್ತಾರೆ, ಅಲ್ಲಿದ್ದವರನ್ನು ಕೊಲ್ಲುತ್ತಾರೆ, ಚಿನ್ನ ಹೊರುತ್ತಾರೆ. ಆ ಕಾಲದ ನಿಯಮದಲ್ಲಿ ಹೊತ್ತು ತಂದ ಒಂದು ಚಿನ್ನದ ನಾಣ್ಯಕ್ಕೆ ಒಂದು ಅಂಕ; ಕೊಂದದ್ದಕ್ಕಿಂತ ದೋಚಿದ್ದಕ್ಕೇ ಬಡ್ತಿ ಜಾಸ್ತಿ. ಪೂಜಾರಿಗೂ ಅದೇ ಲೆಕ್ಕ. ಗಂಟಿನಲ್ಲಿ ಎಲ್ಲರಿಗೂ ಪಾಲು, ಹೆಸರು ಕೆಡೋದು ಒಬ್ಬನದು. ಇದ್ಯಾವ ಸೀಮೆ ನ್ಯಾಯ ಸ್ವಾಮಿ?

ಅವನ ಪಾಲಿನ ಕೆಲಸವನ್ನಾದರೂ ನೋಡಿ. ಬೀಗ ತೆರೆ, ಬಾಗಿಲಿಗೆ ಕಿವಿಗೊಡು, ವಿಷದ ಮುಳ್ಳಿರುವ ಪೆಟ್ಟಿಗೆಗೆ ಮೊದಲು ಕೈ ಹಾಕು. 1981ರ ಬೇಸಿಕ್ ಪುಸ್ತಕದಲ್ಲಿ ಹೊಸ ಕಳ್ಳ ಬೀಗ ತೆರೆಯುವ ಸಾಧ್ಯತೆ ನೂರಕ್ಕೆ 15, ಬೋನು ಬಿಡಿಸುವುದು ನೂರಕ್ಕೆ 10. (ಗೋಡೆ ಹತ್ತೋದು ಮಾತ್ರ 87. ಓಡಿಹೋಗುವ ಕಲೆಯಾದರೂ ಬರಲಿ ಅಂತ ಇರಬೇಕು!) ಕಾದಾಳಿನ ಪ್ರಾಣಕ್ಕೆ ಎಂಟು ಮುಖದ ದಾಳ, ಇವನ ಪ್ರಾಣಕ್ಕೆ ನಾಲ್ಕು ಮುಖದ್ದು. ಮೈಗೆ ಚರ್ಮದ ಕವಚವೇ ಗತಿ. ತೆಳು ಮೈಯವನನ್ನು ಮುಂದಕ್ಕೆ ತಳ್ಳಿ, ಸತ್ತರೆ ಸಾಯ್ಲಿ ಅಂತ ಉಕ್ಕು ತೊಟ್ಟವರು ಹಿಂದೆ ನಿಂತಿರ್ತಾರೆ.

ಇದನ್ನಾದರೂ ಸಹಿಸಬಹುದು. 1978ರ ಆಟಗಾರರ ಕೈಪಿಡಿಯಲ್ಲಿ ಒಂದು ಕೋಷ್ಟಕವಿದೆ: ಯಾವ ಕುಲದವನು ಯಾವ ವೃತ್ತಿಯಲ್ಲಿ ಎಷ್ಟು ಮೆಟ್ಟಿಲು ಏರಬಹುದು ಎಂಬ ಪಟ್ಟಿ. ನಮ್ಮ ಮನುವಿನ ಹಾಳೆಯೊಂದು ಹಾರಿಹೋಗಿ ಅಲ್ಲಿ ಬಿತ್ತೇ ಅನ್ನಿಸುತ್ತದೆ. ಕುಳ್ಳ ಡ್ವಾರ್ಫ್ ಎಷ್ಟೇ ಬಲಶಾಲಿಯಾದರೂ ಕಾದಾಳಾಗಿ 9ನೇ ಮೆಟ್ಟಿಲಿಗೆ ನಿಲ್ಲಬೇಕು. ಎಲ್ಫ್ ಎಷ್ಟೇ ಜಾಣನಾದರೂ ಮಂತ್ರವಿದ್ಯೆಯಲ್ಲಿ 11ಕ್ಕೆ ಕೊನೆ. ಧರ್ಮವೀರ ಪಾಲಡಿನ್ ಆಗಲು ಮನುಷ್ಯಕುಲದಲ್ಲೇ ಹುಟ್ಟಿರಬೇಕು. ಡ್ವಾರ್ಫ್, ಎಲ್ಫ್, ನೋಮ್, ಹಾಫ್‌ಲಿಂಗ್, ಈ ನಾಲ್ವರಿಗೂ ಮಿತಿಯಿಲ್ಲದೆ ತೆರೆದ ಬಾಗಿಲು ಒಂದೇ: ಕಳ್ಳತನ. ಬೇರೆ ಬಾಗಿಲೆಲ್ಲ ಮುಚ್ಚಿ, ಆಮೇಲೆ ಅವರ ರಕ್ತವೇ ಹಂಗೆ ಅನ್ನೋದು!

ಆಟ ತಾನೆ ಅಂತ ನಗಬೇಡಿ. 1871ರಲ್ಲಿ ಬ್ರಿಟಿಷ್ ಸರ್ಕಾರ ಅಪರಾಧಿ ಬುಡಕಟ್ಟುಗಳ ಕಾಯ್ದೆ ತಂದು ಇಡೀ ಸಮುದಾಯಗಳನ್ನು ಹುಟ್ಟುಗಳ್ಳರೆಂದು ಪಟ್ಟಿ ಮಾಡಿತು. ಅಲ್ಲಿ ವೇಷ ಆರಿಸಿಕೊಳ್ಳುವ ಮಾತೇ ಇರಲಿಲ್ಲ. ಕಾಯ್ದೆ 1952ರಲ್ಲಿ ರದ್ದಾಯಿತು. ಊರಲ್ಲಿ ಕೋಳಿ ಕಳೆದರೆ ಇವತ್ತಿಗೂ ಮೊದಲು ಯಾರ ಗುಡಿಸಲು ತಡಕ್ತಾರೆ, ಮೇಷ್ಟ್ರೇ, ನಿಮಗೆ ಗೊತ್ತು.

2000ದಲ್ಲಿ ಬಂದ ಮೂರನೇ ಆವೃತ್ತಿ ಕುಲದ ಮಿತಿಗಳನ್ನು ಕಿತ್ತುಹಾಕಿತು. ಒಳ್ಳೇದಾಯ್ತು. ಜೊತೆಗೆ ಕಳ್ಳ ಎಂಬ ಹೆಸರು ಅಳಿಸಿ ‘ರೋಗ್’ ಎಂದು ಬರೆಯಿತು. ರೋಗ್ ಅಂದರೂ ಪೋಕರಿಯೇ ಅಲ್ಲವೇ? ಬೋನಿನ ಮುಂದೆ ಈಗಲೂ ಅವನನ್ನೇ ಕಳಿಸ್ತಾರೆ.