ಮೆರವಣಿಗೆಗೆ ಬನ್ನಿ, ಹಾಜರಿ ಪುಸ್ತಕದಲ್ಲಿ ಮಗುವಿನ ಹೆಸರು ಬರೆಸಿ ಬನ್ನಿ



ಜೂಜುವಾಡಿ, ಹೊಸೂರು, ಬಾಗಲೂರು, ಡೆಂಕಣಿಕೋಟೆ, ಕೃಷ್ಣಗಿರಿ ಭಾಗದ ಕನ್ನಡ ಮನೆಗಳಲ್ಲಿ ಒಂದು ಮಾತು ಪದೇ ಪದೇ ಕೇಳಿಬರುತ್ತದೆ: ಮಕ್ಕಳ ಭಾಷೆಗಾಗಿ ಬೀದಿಗಿಳಿದರೆ ದಕ್ಕುವುದೇನು? ಒಂದು ದಿನದ ಕೂಲಿ ಹೋಗುತ್ತದೆ, ಪೊಲೀಸರ ಕಣ್ಣಿಗೆ ಬೀಳುತ್ತೇವೆ, ನೆರೆಹೊರೆಯವರ ಮುನಿಸನ್ನೂ ಕಟ್ಟಿಕೊಳ್ಳುತ್ತೇವೆ. ಈ ಅಳುಕು ಹೇಡಿತನವಲ್ಲ. ಗಡಿಯಲ್ಲಿ ಬಾಳುವವರಿಗೆ ಅನುಭವ ಕಲಿಸಿದ ಎಚ್ಚರ. ಆದರೂ ಬೀದಿಗಿಳಿಯಲೇಬೇಕು ಎಂಬುದು ನನ್ನ ವಾದ. ಹೇಗೆ ಇಳಿಯಬೇಕು, ಯಾರೊಡನೆ ಇಳಿಯಬೇಕು, ಏನನ್ನು ಕೇಳಬೇಕು ಎಂಬುದನ್ನು ಮೊದಲು ನಮ್ಮೊಳಗೆ ತೀರ್ಮಾನಿಸಿಕೊಳ್ಳಬೇಕು.

ಮೊದಲು ಕಾಯ್ದೆಯ ಮಾತು. ತಮಿಳುನಾಡಿನ 2006ರ ತಮಿಳು ಕಲಿಕೆ ಕಾಯ್ದೆಯು 2006-07ರಲ್ಲಿ ಒಂದನೇ ತರಗತಿಯಿಂದ ಆರಂಭಿಸಿ, ವರ್ಷಕ್ಕೊಂದು ತರಗತಿಯಂತೆ ತಮಿಳನ್ನು ಕಡ್ಡಾಯಗೊಳಿಸುತ್ತ ಸಾಗಿತು. ಮೊದಲ ಭಾಗ ತಮಿಳು, ಎರಡನೆಯದು ಇಂಗ್ಲಿಷ್, ಮೂರನೆಯದು ಇತರ ವಿಷಯಗಳು. ಮಗುವಿನ ತಾಯ್ನುಡಿ ನಾಲ್ಕನೆಯ ಭಾಗಕ್ಕೆ ಸರಿಯಿತು, ಅದೂ ಐಚ್ಛಿಕವಾಗಿ. 2015-16ರಲ್ಲಿ ಈ ಅಲೆ ಹತ್ತನೇ ತರಗತಿಯನ್ನು ಮುಟ್ಟಿದಾಗ ಅಲ್ಪಸಂಖ್ಯಾತ ಭಾಷೆಗಳ ಪೋಷಕರು ನ್ಯಾಯಾಲಯದ ಮೆಟ್ಟಿಲೇರಿದರು. ಮದ್ರಾಸ್ ಹೈಕೋರ್ಟಿನಿಂದ ವಿನಾಯಿತಿ ದೊರೆಯಿತು. 2023ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನು ಇನ್ನೊಂದು ವರ್ಷಕ್ಕೆ ವಿಸ್ತರಿಸಿತು. ಅದಕ್ಕಾಗಿ ಶ್ರಮಿಸಿದವರಿಗೆ ನಾವು ಋಣಿಗಳು. ಆದರೆ ವಿನಾಯಿತಿಗೆ ಅವಧಿಯುಂಟು, ಹಕ್ಕಿಗೆ ಅವಧಿಯಿಲ್ಲ. ಶಾಸನಸಭೆ ಬರೆದುದನ್ನು ಶಾಸನಸಭೆಯೇ ತಿದ್ದಬೇಕು; ಶಾಸನಸಭೆಯ ಕಿವಿಗೆ ಬೇಗ ತಲುಪುವುದು ಬೀದಿಯ ಸದ್ದು.

ಇದನ್ನು ತಮಿಳುನಾಡಿಗೆ ಯಾರೂ ಹೊಸದಾಗಿ ಕಲಿಸಬೇಕಿಲ್ಲ. 1938ರಲ್ಲಿ ಮದರಾಸು ಪ್ರಾಂತದ ಶಾಲೆಗಳಲ್ಲಿ ಹಿಂದಿಯನ್ನು ಕಡ್ಡಾಯಗೊಳಿಸಿದ ಪ್ರಧಾನಿ ರಾಜಾಜಿ ನಮ್ಮ ಹೊಸೂರಿನ ಬಳಿಯ ತೊರಪಳ್ಳಿಯಲ್ಲಿ ಹುಟ್ಟಿದವರು. ಅದೇ ವರ್ಷದ ಆಗಸ್ಟಿನಲ್ಲಿ ತಿರುಚ್ಚಿಯಿಂದ ಕಾಲ್ನಡಿಗೆಯಲ್ಲಿ ಹೊರಟ ಸ್ವಯಂಸೇವಕರ ದಂಡು ಸೆಪ್ಟೆಂಬರಿನಲ್ಲಿ ಮದರಾಸನ್ನು ಸೇರಿತು. 1939ರಲ್ಲಿ ನಟರಾಜನ್ ಮತ್ತು ತಾಳಮುತ್ತು ಬಂಧನದಲ್ಲಿದ್ದಾಗಲೇ ತೀರಿಕೊಂಡರು. 1940ರ ಫೆಬ್ರವರಿಯಲ್ಲಿ ಆ ಕಡ್ಡಾಯ ರದ್ದಾಯಿತು. 1965ರ ಜನವರಿಯಲ್ಲಿ ವಿದ್ಯಾರ್ಥಿಗಳು ಮತ್ತೆ ಬೀದಿಗಿಳಿದರು, ಪ್ರಾಣಗಳು ಹೋದವು, ಫೆಬ್ರವರಿಯಲ್ಲಿ ಪ್ರಧಾನಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಆಕಾಶವಾಣಿಯಲ್ಲಿ ಭರವಸೆ ನೀಡಬೇಕಾಯಿತು. ಮಕ್ಕಳ ಮೇಲೆ ಭಾಷೆಯನ್ನು ಹೇರಬಾರದೆಂಬ ಪಾಠವನ್ನು ಇಡೀ ದೇಶಕ್ಕೆ ಹೇಳಿಕೊಟ್ಟ ನಾಡು ಇದು. ಆ ಪಾಠವನ್ನೇ ನಾವು ಗೌರವಪೂರ್ವಕವಾಗಿ ಅದಕ್ಕೆ ಒಪ್ಪಿಸಬೇಕು. ತಮಿಳರ ಮನಸ್ಸಿನಲ್ಲಿ ಈಗಾಗಲೇ ಇರುವ ನ್ಯಾಯಪ್ರಜ್ಞೆಗಿಂತ ಬಲವಾದ ವಕೀಲ ನಮಗೆ ಸಿಗಲಾರ.

ಕಾಸರಗೋಡಿನ ನಿದರ್ಶನವೂ ನಮ್ಮ ಮುಂದಿದೆ. 2017ರಲ್ಲಿ ಕೇರಳ ಸರ್ಕಾರ ಶಾಲೆಗಳಲ್ಲಿ ಮಲಯಾಳವನ್ನು ಕಡ್ಡಾಯಗೊಳಿಸಲು ಹೊರಟಾಗ ಅಲ್ಲಿನ ಕನ್ನಡಿಗರು ಮೇ ತಿಂಗಳಿನಲ್ಲಿ ಜಿಲ್ಲಾಧಿಕಾರಿ ಕಚೇರಿಯೆದುರು ದೊಡ್ಡ ಸಂಖ್ಯೆಯಲ್ಲಿ ನೆರೆದರು. ಅದು ಆ ಮಣ್ಣಿನ ಮಕ್ಕಳು ತಮ್ಮ ಸರ್ಕಾರವನ್ನು ತಮ್ಮ ಜಿಲ್ಲೆಯಲ್ಲೇ ಕೇಳಿದ ಪ್ರಶ್ನೆ. ಅದರ ತೂಕವಿದ್ದುದು ಅಲ್ಲಿಯೇ.

ನಮ್ಮ ಮೆರವಣಿಗೆಯೂ ನಮ್ಮದೇ ಆಗಿರಬೇಕು. ಅತ್ತಿಬೆಲೆಯಾಚೆಯಿಂದ ಬಾವುಟ ಕಟ್ಟಿಕೊಂಡು ಬಂದವರು ಮುಂಚೂಣಿಯಲ್ಲಿ ನಿಂತ ಕ್ಷಣದಲ್ಲೇ ನಮ್ಮ ಬೇಡಿಕೆ ಎರಡು ರಾಜ್ಯಗಳ ಜಗಳವಾಗಿ ಬಿಡುತ್ತದೆ. 2016ರ ಸೆಪ್ಟೆಂಬರಿನ ಕಾವೇರಿ ಗಲಭೆಯನ್ನು ನೆನೆಯಿರಿ. ಬೆಂಗಳೂರಿನಲ್ಲಿ ತಮಿಳುನಾಡಿನ ಬಸ್ಸುಗಳು ಉರಿದವು. ಇತ್ತ ಜೂಜುವಾಡಿಯಲ್ಲಿ ವಾಹನಗಳು ನಿಂತವು, ಜನ ಗಂಟುಮೂಟೆ ಹೊತ್ತು ಗಡಿಯನ್ನು ನಡೆದು ದಾಟಿದರು. ಯಾರೋ ಎಸೆದ ಕಲ್ಲಿಗೆ ಗಡಿಯವರು ಬೆಲೆ ತೆತ್ತರು. ಆಚೆಯ ಬಂಧುಗಳ ಪ್ರೀತಿ ನಮಗೆ ಬೇಕು. ಪುಸ್ತಕ ಕಳುಹಿಸಲಿ, ಶಿಕ್ಷಕರ ತರಬೇತಿಗೆ ನೆರವಾಗಲಿ. ಘೋಷಣೆ ಮಾತ್ರ ನಮ್ಮ ಬಾಯಿಂದಲೇ ಹೊರಡಲಿ, ಕನ್ನಡದಲ್ಲೂ ತಮಿಳಿನಲ್ಲೂ ಹೊರಡಲಿ.

ಇನ್ನೊಂದು ಕಹಿಸತ್ಯವನ್ನೂ ಆಡಿಬಿಡಬೇಕು. ಪ್ರೌಢಶಾಲೆಯಲ್ಲಿ ಕನ್ನಡವೊಂದೇ ಪ್ರಥಮ ಭಾಷೆಯಾಗಬೇಕೆಂದು 1981ರ ಗೋಕಾಕ್ ವರದಿ ಹೇಳಿತು, 1982ರಲ್ಲಿ ಡಾ. ರಾಜ್‌ಕುಮಾರ್ ಅವರ ಹಿಂದೆ ಕರ್ನಾಟಕದ ಊರೂರುಗಳ ಬೀದಿ ತುಂಬಿತು. ಆ ಚಳವಳಿ ಕನ್ನಡಕ್ಕೆ ಮಾನ ತಂದಿತು, ನಿಜ. ಆದರೆ ಅಲ್ಲಿನ ಉರ್ದು, ಮರಾಠಿ, ತಮಿಳು ಮನೆಗಳಲ್ಲಿ ಅಂದು ಹುಟ್ಟಿದ ಆತಂಕವೇ ಇಂದು ನಮ್ಮ ಮನೆಗಳಲ್ಲಿದೆ. ಬೆಂಗಳೂರಿನ ತಮಿಳು ಮಗುವಿಗೆ ಬೇಡವೆನ್ನುವುದನ್ನು ಹೊಸೂರಿನ ಕನ್ನಡ ಮಗುವಿಗೆ ಬೇಕೆನ್ನುವ ನಾಲಗೆಯನ್ನು ಯಾವ ಸರ್ಕಾರ ನಂಬೀತು? ಕರ್ನಾಟಕದ 2015ರ ಕನ್ನಡ ಭಾಷಾ ಕಲಿಕೆ ಕಾಯ್ದೆ ಕನ್ನಡವನ್ನು ಪ್ರಥಮ ಇಲ್ಲವೇ ದ್ವಿತೀಯ ಭಾಷೆಯಾಗಿ ಕಲಿಯಿರಿ ಎನ್ನುತ್ತದೆ. ರಾಜ್ಯಭಾಷೆಯನ್ನು ಬಿಡದೆ ತಾಯ್ನುಡಿಗೂ ಮೊದಲ ಮಣೆ ಹಾಕಲು ಅಲ್ಲಿ ಎಡೆಯಿದೆ. ಅಷ್ಟೇ ಎಡೆಯನ್ನು ನಾವು ಇಲ್ಲಿ ಕೇಳೋಣ. ಅಲ್ಲಿಯೂ ಅದು ಉಳಿಯಲೆಂದು ಹೇಳೋಣ.

ಈಗ ನಮ್ಮ ಅಂಗಳಕ್ಕೇ ಬರೋಣ. ಬೆಳಿಗ್ಗೆ ಇಂಗ್ಲಿಷ್ ಮಾಧ್ಯಮ ಶಾಲೆಯ ವ್ಯಾನಿಗೆ ಮಗುವನ್ನು ಹತ್ತಿಸಿ, ಮಧ್ಯಾಹ್ನ ಕನ್ನಡ ಶಾಲೆ ಉಳಿಸಿ ಎಂದು ಕೂಗುವವರು ನಮ್ಮಲ್ಲಿ ಎಷ್ಟು ಮಂದಿ? ಸಂವಿಧಾನದ 350ಎ ವಿಧಿಯು ಅಲ್ಪಸಂಖ್ಯಾತ ಭಾಷಿಕರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ತಾಯ್ನುಡಿಯ ಶಿಕ್ಷಣ ಒದಗಿಸಲು ರಾಜ್ಯಗಳು ಯತ್ನಿಸಬೇಕೆನ್ನುತ್ತದೆ. ಆ ವಿಧಿಯನ್ನು ಹಿಡಿದು ಹೋದಾಗ ಅಧಿಕಾರಿ ಕೇಳುವ ಮೊದಲ ಪ್ರಶ್ನೆ ಒಂದೇ: ಮಕ್ಕಳೆಷ್ಟು? ಹತ್ತು ಸಾವಿರ ಜನರ ಮೆರವಣಿಗೆಯೂ ಹಾಜರಿ ಪುಸ್ತಕದ ಖಾಲಿ ಪುಟಕ್ಕೆ ಉತ್ತರ ಕೊಡಲಾರದು. ಇಂಗ್ಲಿಷ್ ಬೇಡವೆಂದು ನಾನು ಹೇಳುತ್ತಿಲ್ಲ; ಹೊಟ್ಟೆಪಾಡಿಗೆ ಅದು ಬೇಕು. ಕನ್ನಡ ಶಾಲೆಯಲ್ಲೂ ಇಂಗ್ಲಿಷನ್ನು ಚೆನ್ನಾಗಿ ಕಲಿಸಿರೆಂದು ಹಟ ಹಿಡಿಯುವ ಹಕ್ಕು ನಮಗಿದೆ. ಮಗುವನ್ನು ಆ ಶಾಲೆಗೆ ಸೇರಿಸಿದ ತಂದೆತಾಯಿಯ ಬಾಯಲ್ಲಿ ಆ ಹಟಕ್ಕೆ ಬಲ ಬರುತ್ತದೆ.

ಕೇಳಬೇಕಾದುದು ಚಿಕ್ಕದಾಗಿರಲಿ, ಸ್ಪಷ್ಟವಾಗಿರಲಿ. ನಮ್ಮ ಮಕ್ಕಳು ತಮಿಳನ್ನು ಕಲಿಯುತ್ತಾರೆ. ನೆರೆಮನೆಯ ಭಾಷೆ, ಅನ್ನದ ಭಾಷೆ ಅದು. ಮನೆಯಲ್ಲಿ ತಮಿಳಾಡದ ಮಗುವಿಗೆ ತಕ್ಕ ಪಾಠವನ್ನೂ ಪರೀಕ್ಷೆಯನ್ನೂ ರೂಪಿಸಿರಿ. ಕನ್ನಡಕ್ಕೆ ಅಂಟಿರುವ ಐಚ್ಛಿಕವೆಂಬ ಹಣೆಪಟ್ಟಿಯನ್ನು ಕಾಯ್ದೆಯಿಂದಲೇ ತೆಗೆಯಿರಿ, ಅದರ ಅಂಕ ಒಟ್ಟು ಅಂಕಗಳಲ್ಲಿ ಸೇರುವುದೆಂದು ಕಾಯ್ದೆಯಲ್ಲೇ ಬರೆಯಿರಿ. ಕನ್ನಡ ಶಾಲೆಗೆ ಕನ್ನಡ ಬಲ್ಲ ಶಿಕ್ಷಕರನ್ನು ನೇಮಿಸಿರಿ, ಶಾಲೆ ತೆರೆಯುವ ದಿನವೇ ಪಠ್ಯಪುಸ್ತಕ ಕೊಡಿರಿ.

ತೆಲುಗು ಮನೆಗಳನ್ನೂ ಉರ್ದು ಮನೆಗಳನ್ನೂ ಕರೆಯಿರಿ. ಅವರ ಮಕ್ಕಳ ಮೇಲಿರುವುದೂ ಇದೇ ಕಾಯ್ದೆ. ತಮಿಳು ನೆರೆಯವರನ್ನೂ ಕರೆಯಿರಿ. ಬರುವವರು ಖಂಡಿತ ಇದ್ದಾರೆ. ಕಲ್ಲು ಬೇಡ, ಬೈಗುಳ ಬೇಡ, ಯಾವ ಫಲಕಕ್ಕೂ ಮಸಿ ಬಳಿಯುವುದು ಬೇಡ. ಜೂನ್ ತಿಂಗಳು ಬರುವ ಮೊದಲೇ ಕನ್ನಡ ಶಾಲೆಗೆ ಹೋಗಿ ಮಗುವಿನ ಹೆಸರು ಬರೆಸಿರಿ. ಆ ಬಳಿಕ ಅದೇ ಮಗುವಿನ ಕೈ ಹಿಡಿದು ಮೆರವಣಿಗೆಗೆ ಬನ್ನಿರಿ.