ಭೂಗರ್ಭ ಕಲ್ಲಿದ್ದಲು ಅನಿಲೀಕರಣ: ಕ್ಷೇತ್ರ ಪ್ರಯೋಗಗಳು ಮತ್ತು ಅಂತರ್ಜಲದ ಪ್ರಶ್ನೆ

ಕಲ್ಲಿದ್ದಲನ್ನು ಅಗೆದು ಹೊರತೆಗೆಯದೆ, ಭೂಮಿಯೊಳಗೆ ಇದ್ದ ಸ್ಥಳದಲ್ಲಿಯೇ ಅನಿಲವಾಗಿ ಪರಿವರ್ತಿಸುವ ವಿಧಾನಕ್ಕೆ ಭೂಗರ್ಭ ಅನಿಲೀಕರಣ ಎನ್ನಲಾಗುತ್ತದೆ. ಒಂದು ಕೊಳವೆಬಾವಿಯ ಮೂಲಕ ಗಾಳಿ ಅಥವಾ ಆಮ್ಲಜನಕವನ್ನು ಹಾಯಿಸಿ ಕಲ್ಲಿದ್ದಲ ಪದರವನ್ನು ಭಾಗಶಃ ಉರಿಸಲಾಗುತ್ತದೆ. ಉಂಟಾಗುವ ಜಲಜನಕ, ಕಾರ್ಬನ್ ಮಾನಾಕ್ಸೈಡ್ ಮತ್ತು ಮೀಥೇನ್‌ಗಳ ಮಿಶ್ರಣವನ್ನು ಇನ್ನೊಂದು ಬಾವಿಯಿಂದ ಮೇಲಕ್ಕೆ ತರಲಾಗುತ್ತದೆ. ಗಣಿಗಾರಿಕೆಗೆ ನಿಲುಕದಷ್ಟು ಆಳದ ನಿಕ್ಷೇಪಗಳಿಗೆ ಇದು ಸೂಕ್ತವೆಂದು ಪರಿಗಣಿಸಲಾಗಿದೆ.

ಈ ಸಂಬಂಧ ಭಾರತ ಸರ್ಕಾರವು 2015ರ ಡಿಸೆಂಬರ್‌ನಲ್ಲಿ ನೀತಿಯೊಂದನ್ನು ಅನುಮೋದಿಸಿತು. ಜಾರ್ಖಂಡ್‌ನ ಜಾಮ್‌ತಾರಾ ಜಿಲ್ಲೆಯ ಕಾಸ್ತಾ ಕಲ್ಲಿದ್ದಲು ಪ್ರದೇಶದಲ್ಲಿ ಈಸ್ಟರ್ನ್ ಕೋಲ್‌ಫೀಲ್ಡ್ಸ್ ಸಂಸ್ಥೆಯು 2024ರ ಜೂನ್‌ನಲ್ಲಿ ದೇಶದ ಮೊದಲ ಪ್ರಾಯೋಗಿಕ ಯೋಜನೆಯನ್ನು ಆರಂಭಿಸಿತು. ಆಗ ಕೈಗೊಂಡ ಮೊದಲ ಹಂತವು ಕೊಳವೆಬಾವಿ ಕೊರೆದು, ಮಾದರಿಗಳನ್ನು ಪರೀಕ್ಷಿಸಿ, ಕಾರ್ಯಸಾಧ್ಯತಾ ವರದಿ ಸಿದ್ಧಪಡಿಸುವುದಕ್ಕೆ ಸೀಮಿತವಾದುದು. ಅನಿಲೀಕರಣವು ಎರಡನೆಯ ಹಂತಕ್ಕೆ ಸೇರಿದ್ದು. ಕರ್ನಾಟಕದಲ್ಲಿ ಕಲ್ಲಿದ್ದಲು ಗಣಿಗಳಿಲ್ಲ. ಆದರೆ ರಾಯಚೂರು ಮತ್ತು ಬಳ್ಳಾರಿಯ ಶಾಖೋತ್ಪನ್ನ ವಿದ್ಯುತ್ ಕೇಂದ್ರಗಳು ಹೊರಗಿನಿಂದ ಬರುವ ಕಲ್ಲಿದ್ದಲನ್ನೇ ಅವಲಂಬಿಸಿರುವುದರಿಂದ ವಿಷಯವು ರಾಜ್ಯಕ್ಕೆ ಪರಕೀಯವಲ್ಲ.

ಅಮೆರಿಕದ ವಯೋಮಿಂಗ್‌ನ ಹೋ ಕ್ರೀಕ್‌ನಲ್ಲಿ 1976 ಮತ್ತು 1979ರ ನಡುವೆ ಮೂರು ಪ್ರಯೋಗಗಳು ನಡೆದವು. ಉರಿಯುವ ಕುಹರದೊಳಗಿನ ಒತ್ತಡವು ಸುತ್ತಲಿನ ಅಂತರ್ಜಲದ ಒತ್ತಡವನ್ನು ಮೀರಿದಾಗ ಅನಿಲವು ಹೊರಕ್ಕೆ ನುಗ್ಗಿ, ಬೆಂಜೀನ್ ಮತ್ತು ಫೀನಾಲ್‌ಗಳು ನೀರಿಗೆ ಸೇರಿದವು. ಅದೇ ರಾಜ್ಯದ ಹ್ಯಾನಾ ಬಳಿ 1987–88ರಲ್ಲಿ ನಡೆದ ರಾಕಿ ಮೌಂಟನ್ ಪ್ರಯೋಗದಲ್ಲಿ ಒತ್ತಡವನ್ನು ಅಂತರ್ಜಲದ ಒತ್ತಡಕ್ಕಿಂತ ಕಡಿಮೆ ಇರಿಸಲು ಯತ್ನಿಸಲಾಯಿತು. ಹಾಗಿದ್ದಲ್ಲಿ ನೀರು ಕುಹರದೆಡೆಗೆ ಹರಿಯುತ್ತದೆಯೇ ಹೊರತು ಅನಿಲವು ಹೊರಕ್ಕೆ ಹರಿಯುವುದಿಲ್ಲ. ಅಲ್ಲಿ ಮಾಲಿನ್ಯವು ಬಹಳ ಕಡಿಮೆಯಾಯಿತು.

ಕುಹರವು ಯಾವ ವೇಗದಲ್ಲಿ ಬೆಳೆಯುತ್ತದೆ, ಎಷ್ಟು ನೀರು ಜಿನುಗುತ್ತದೆ ಎಂಬುದನ್ನು ಗಣಕಯಂತ್ರದ ಗಣಿತ ಮಾದರಿಗಳಿಂದ ಮುಂಚಿತವಾಗಿ ಅಂದಾಜಿಸಬಹುದಾಗಿದೆ. ಬೊಂಬಾಯಿಯ ಭಾರತೀಯ ತಂತ್ರಜ್ಞಾನ ಸಂಸ್ಥೆಯ ಸಂಶೋಧಕರು ಲಿಗ್ನೈಟ್ ಗಟ್ಟಿಗಳನ್ನು ಪ್ರಯೋಗಾಲಯದಲ್ಲಿ ಉರಿಸಿ ಕುಹರದ ಬೆಳವಣಿಗೆಯನ್ನು ಅಧ್ಯಯನ ಮಾಡಿರುತ್ತಾರೆ. ಆದರೆ ಪ್ರಯೋಗಾಲಯದ ಗಟ್ಟಿಯಲ್ಲಿ ನಿಜವಾದ ಪದರದ ಬಿರುಕುಗಳಿರುವುದಿಲ್ಲ. ಅವುಗಳ ವಿವರ ಆ ಸ್ಥಳದಲ್ಲಿ ಕೊರೆದ ಬಾವಿಗಳಿಂದ ಮಾತ್ರ ದೊರೆಯತಕ್ಕದ್ದು. ಆದ್ದರಿಂದ ಹೊರನೋಟಕ್ಕೆ ನೀರಸವೆನಿಸುವ ಕಾಸ್ತಾದ ಮೊದಲ ಹಂತವೇ ಇಡೀ ಯೋಜನೆಯಲ್ಲಿ ಹೆಚ್ಚು ಬೆಲೆಯುಳ್ಳದ್ದು. ಅದನ್ನು ಅವಸರದಲ್ಲಿ ಮುಗಿಸುವುದು ಸಲ್ಲದು.

ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್‌ನ ಚಿಂಚಿಲಾದಲ್ಲಿ ಲಿಂಕ್ ಎನರ್ಜಿ ಕಂಪನಿಯು 1999ರಿಂದ ಹಲವು ವರ್ಷ ಇಂತಹ ಘಟಕವನ್ನು ನಡೆಸಿತ್ತು. ಪರಿಸರಕ್ಕೆ ಗಂಭೀರ ಹಾನಿಯುಂಟುಮಾಡಿದ್ದು ಸಾಬೀತಾಗಿ 2018ರಲ್ಲಿ ನ್ಯಾಯಾಲಯವು 45 ಲಕ್ಷ ಆಸ್ಟ್ರೇಲಿಯನ್ ಡಾಲರ್ ದಂಡ ವಿಧಿಸಿತು. ಕಂಪನಿಯಾದರೋ 2016ರಲ್ಲಿಯೇ ದಿವಾಳಿಯಾಗಿತ್ತು. ಶುದ್ಧೀಕರಣದ ವೆಚ್ಚವನ್ನು ಆರಂಭದಲ್ಲಿಯೇ ಠೇವಣಿಯಾಗಿ ಪಡೆಯದಿದ್ದಲ್ಲಿ ಹೊರೆಯು ಕೊನೆಗೆ ಸಾರ್ವಜನಿಕ ಬೊಕ್ಕಸದ ಮೇಲೆ ಬೀಳುವುದೆಂಬುದಕ್ಕೆ ಈ ಪ್ರಕರಣಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ. ಕ್ವೀನ್ಸ್‌ಲ್ಯಾಂಡ್ ಸರ್ಕಾರವು 2016ರಲ್ಲಿ ಈ ವಿಧಾನವನ್ನೇ ನಿಷೇಧಿಸಿತು.

ಉರಿಸುವ ಮೊದಲು ಸುತ್ತಲಿನ ಬಾವಿಗಳ ನೀರನ್ನು ಪರೀಕ್ಷಿಸಿ ದಾಖಲಿಸದಿದ್ದಲ್ಲಿ, ತರುವಾಯ ಹಾನಿಯನ್ನು ಸಾಬೀತುಪಡಿಸುವುದು ಬಾವಿಯ ಮಾಲೀಕರಿಗೆ ಕಷ್ಟಸಾಧ್ಯ. ಇಂತಹ ಪರೀಕ್ಷಾ ವರದಿಗಳನ್ನು ಕೋರಿ ಮಾಹಿತಿ ಹಕ್ಕು ಅಧಿನಿಯಮ, 2005ರಡಿ ಭಾರತದ ಯಾವುದೇ ನಾಗರಿಕರು ಸಂಬಂಧಪಟ್ಟ ಸಾರ್ವಜನಿಕ ಪ್ರಾಧಿಕಾರಕ್ಕೆ ಅರ್ಜಿ ಸಲ್ಲಿಸಬಹುದಾಗಿದೆ. ಕೇಂದ್ರದ ಪ್ರಾಧಿಕಾರಗಳಿಗೆ ಸಲ್ಲಿಸುವ ಅರ್ಜಿಯ ಶುಲ್ಕ 10 ರೂಪಾಯಿ. ಉತ್ತರಕ್ಕೆ ಸಾಮಾನ್ಯವಾಗಿ 30 ದಿನಗಳ ಕಾಲಮಿತಿ ಇರುತ್ತದೆ.